ಎದುರುಗಾಳಿ ಸೊನ್ನೆ

ಮೂರನೆಯ ದಿನ ಗಂಡನ ಸಮಾಧಿಗೆ ಹಾಲು ಹಾಕಿ ಬಂದ ಮೇಲೆ ನೆಂಟರು ಹೋದರು, ಭಾವ ಮಾತ್ರ ಉಳಿದರು. ನಾಲ್ಕನೆಯ ದಿನ ಬೆಳಿಗ್ಗೆ ಆರೂವರೆಗೆ ಎಂದಿನಂತೆ ನಳದಲ್ಲಿ ನೀರು ಬಂತು. ನಾನು ಕೊಡ ಹಿಡಿದೆ. ಎದುರು ಮನೆಯ ಹುಸೇನಬಿ ವೀಳ್ಯದೆಲೆಯ ಬುಟ್ಟಿ ಹೊತ್ತು ಪೇಟೆಗೆ ಹೊರಟಿದ್ದಳು. ನನ್ನನ್ನು ನೋಡಿ ನಿಂತಳು. ಏನೂ ಹೇಳದೆ ಹೋದಳು. ಆ ವಾರ ನನಗೆ ಸುಳ್ಳು ಹೇಳದೆ ಹೋದವಳು ಅವಳೊಬ್ಬಳೇ.

ಉಳಿದವರೆಲ್ಲ ಒಂದೇ ಮಾತು ಹೇಳಿದ್ದರು. ಪರಮೇಶ ಒದ್ದಾಡಲಿಲ್ಲ. ಲಾರಿ ಬಡಿದ ಕೂಡಲೇ ಪ್ರಾಣ ಹೋಯಿತು. ಪುಣ್ಯವಂತ.

ಯಲವಿಗಿ ರಸ್ತೆಯಿಂದ ಅವನನ್ನು ಮನೆಗೆ ತಂದಾಗ ಅಂಗಿಯ ಎದೆ ತೊಯ್ದಿತ್ತು. ರಕ್ತ ಬೇರೆ ಇತ್ತು, ಅದು ಒಣಗಿತ್ತು. ತೊಯ್ದಿದ್ದು ನೀರಿನಿಂದ. ಕೂಡಲೇ ಸತ್ತವನ ಎದೆಯ ಮೇಲೆ ನೀರು ಹೇಗೆ ಬಂತು ಎಂದು ಪರಮೇಶನ ಅಣ್ಣ, ಭಾವ ನೀಲಪ್ಪನವರನ್ನು ಕೇಳಿದ್ದೆ. ಅವರು ಹಿರೇಕೆರೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಪ್ರಶ್ನೆಗಳು ಅವರಿಗೆ ಗಿರಾಕಿಯ ತಕರಾರಿನಂತೆ ಕೇಳುತ್ತವೆ. ಯಾರೋ ರಕ್ತ ತೊಳೆದಿರಬೇಕು ಎಂದರು. ತೊಳೆದಿದ್ದರೆ ಮುಖದ ಮೇಲಿನ ರಕ್ತ ಯಾಕೆ ಹಾಗೇ ಇತ್ತು ಎಂದೆ. ಹೆಂಗಸರು ಇಂಥದ್ದನ್ನೆಲ್ಲ ಕೇಳಬಾರದು ಎಂದರು.

ಕೊಡ ಒಳಗಿಟ್ಟು ಬರುವಷ್ಟರಲ್ಲಿ ಕಟ್ಟೆಯ ಮುಂದೆ ಹುಚ್ಚಪ್ಪ ನಿಂತಿದ್ದ. ಯಲವಿಗಿಯ ಮುದುಕ. ಲಾರಿ ಬಡಿದಾಗ ಅಲ್ಲಿದ್ದವನು, ನಮಗೆ ಸುದ್ದಿ ಕಳಿಸಿದವನು ಅವನೇ. ಅವನನ್ನು ನೋಡಿ ಬರಲೆಂದೇ ಪರಮೇಶ ಅವತ್ತು ಸೈಕಲ್ ಹತ್ತಿ ಹೋಗಿದ್ದ.

ಮುದುಕ ಚಪ್ಪಲಿ ಬಿಡಲಿಲ್ಲ.

"ಮಾಸ್ತರ ನನ್ನ ಹಿಡಿಕಿ ಇಸಗೊಂಡಿದ್ದ. ಅದು ಬೇಕು," ಎಂದ.

ಅತ್ತೆ ಶಂಕ್ರವ್ವ ಒಳಗಿನಿಂದ ಎದ್ದು ಬಂದರು. ನಾಲ್ಕು ದಿನಗಳಿಂದ ಅವರು ಯಾರೊಡನೆಯೂ ಮಾತಾಡಿರಲಿಲ್ಲ.

"ನನ್ನ ಮಗನ್ನ ನುಂಗಿ ನೀರ ಕುಡದಿ. ಮತ್ತೇನ ಉಳದೈತಿ ನಿಂದು ಇಲ್ಲೆ? ಒಂದ ಕಟಿಗಿ ತುಂಡಿಗೆ ಬಂದಿ?"

"ಕಟಿಗಿ ಅಲ್ಲವ್ವಾ. ಕಬ್ಬಿಣ," ಎಂದ ಮುದುಕ.

ಅತ್ತೆ ಕೈಗೆ ಸಿಕ್ಕ ತಂಬಿಗೆಯನ್ನು ಎಸೆದರು. ಅದು ಅವನ ಕಾಲ ಬುಡದಲ್ಲಿ ಬಿತ್ತು. ಅವನು ಅದನ್ನು ಎತ್ತಿ ಕಟ್ಟೆಯ ಮೇಲೆ ಬೋರಲಿಟ್ಟ. ಮತ್ತೆ ಹಾಗೆಯೇ ನಿಂತ.

ಹಿಡಿಕೆ ಎಂದರೆ ಕೈಪಂಪಿನ ಹಿಡಿಕೆ. ಗೇಣುದ್ದದ ಕಬ್ಬಿಣ, ತುದಿಯಲ್ಲಿ ಮುಷ್ಟಿ ಹಿಡಿಯುವಷ್ಟು ದಪ್ಪ. ಹುಚ್ಚಪ್ಪ ಅದನ್ನು ಪೆಸಿಫಿಕ್ ಸಮುದ್ರದ ಒಂದು ದ್ವೀಪದಿಂದ ತಂದಿದ್ದ. ಮಹಾಯುದ್ಧದ ಕಾಲ, ನಲವತ್ತೊಂದರಲ್ಲಿ ಬೆಳಗಾವಿಗೆ ಹೋಗಿ ಪಲ್ಟಣಿಗೆ ಸೇರಿದವನು. ಸಿಂಗಾಪುರದಲ್ಲಿ ಸೆರೆಸಿಕ್ಕ. ಜಪಾನಿಗಳು ಅವನನ್ನೂ ಇನ್ನೂ ಎಷ್ಟೋ ಜನರನ್ನೂ ಹಡಗಿನ ಹೊಟ್ಟೆಯಲ್ಲಿ ತುಂಬಿ ಆ ದ್ವೀಪಕ್ಕೆ ಒಯ್ದು, ವಿಮಾನದ ಮೈದಾನದಲ್ಲಿ ದುಡಿಸಿದರು. ಹುಚ್ಚಪ್ಪನ ಕೆಲಸ, ಪೀಪಾಯಿ ಹೊರುವುದು ಮತ್ತು ಪಂಪು ತಿರುಗಿಸಿ ವಿಮಾನಗಳಿಗೆ ಪೆಟ್ರೋಲು ತುಂಬುವುದು.

ಪರಮೇಶ ಇಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ದುಬೈಯಿಂದ ಬಂದವರೊಬ್ಬರಿಂದ ಟಿ.ವಿ.ಗೆ ಜೋಡಿಸುವ ಸಣ್ಣ ಕಂಪ್ಯೂಟರ್ ಕೊಂಡಿದ್ದ. ಅದರ ಜೊತೆ ಕ್ಯಾಸೆಟ್ಟಿನಲ್ಲಿ ವಿಮಾನ ಹಾರಿಸುವ ಆಟವೊಂದಿತ್ತು. ಎರಡು ದಿನ ಆಡಿ, ಇದು ಸುಳ್ಳು ಎಂದ. ಗುಂಡು ಮುಗಿಯುವುದಿಲ್ಲ, ಪೆಟ್ರೋಲು ಮುಗಿಯುವುದಿಲ್ಲ, ಸತ್ತವನು ಒಂದು ಗುಂಡಿ ಒತ್ತಿದರೆ ಮತ್ತೆ ಏಳುತ್ತಾನೆ. ತಾನೇ ಒಂದು ಮಾಡುತ್ತೇನೆ, ಪೆಸಿಫಿಕ್‌ನ ಆಕಾಶಯುದ್ಧ ಹೇಗಿತ್ತೋ ಹಾಗೆ ಎಂದ. ಹಿತ್ತಿಲ ಕೋಣೆಯಲ್ಲಿ ಗುಜರಿಗೆ ಬಿದ್ದ ಮೋಡಕಾ ಬಸ್ಸಿನ ಸೀಟು ಹಾಕಿ, ಸುತ್ತ ಹಲಗೆ ಕಟ್ಟಿಸಿದ. ಕಾಲಿಗೆ ಎರಡು ಪೆಡಲು. ಕೈಗೆ ಹುಚ್ಚಪ್ಪನಿಂದ ಇಸಕೊಂಡ ಆ ಹಿಡಿಕೆ.

ಮುದುಕ ವಾರಕ್ಕೊಮ್ಮೆ ಬರುತ್ತಿದ್ದ. ಅವನು ವಿಮಾನದಲ್ಲಿ ಕೂತವನಲ್ಲ, ಕೆಳಗಿನಿಂದ ನೋಡಿದವನು. ಆದರೂ ತಪ್ಪುಗಳನ್ನು ಅವನೇ ಹಿಡಿಯುತ್ತಿದ್ದ. ಅವು ಅಗ್ಗದ ತಗಡಿನ ವಿಮಾನಗಳು, ಒಂದೇ ಗುಂಡಿಗೆ ಹೊತ್ತುತ್ತಿದ್ದುವು. ನಿನ್ನದು ಹತ್ತು ಗುಂಡು ತಿಂದರೂ ಹಾರುತ್ತದೆ ಎಂದು ಬಯ್ಯುತ್ತಿದ್ದ. ಗುಂಡು ಎಣಿಸುವುದರೊಳಗೆ ಮುಗಿಯುತ್ತದೆ ಎನ್ನುತ್ತಿದ್ದ. ಜಪಾನಿಗಳು ಭಾರ ಇಳಿಸಲು ರೇಡಿಯೋ ಕಿತ್ತು ಕೆಳಗಿಟ್ಟು ಹೋಗುತ್ತಿದ್ದರು, ನಿನ್ನ ವಿಮಾನದಲ್ಲಿ ಯಾರು ಮಾತಾಡುತ್ತಾರೆ ಎಂದು ಕೇಳುತ್ತಿದ್ದ. ಮೂರು ತಾಸು ನೀರಿನ ಮೇಲೆ ಹೋಗಬೇಕು, ಕಾಲು ತಾಸು ಕಾದಾಡಬೇಕು, ಮೂರು ತಾಸು ನೀರಿನ ಮೇಲೆ ಬರಬೇಕು. ಗುರುತಿಗೆ ಗಿಡವಿಲ್ಲ, ಗುಡಿಯಿಲ್ಲ. ಶಾಲೆಯ ಇತರ ಮಾಸ್ತರರು ಬಂದು ಕೂತು, ವೈರಿ ಯಾವಾಗ ಬರುತ್ತಾನೆ ಎಂದು ಕೇಳಿ ಕೇಳಿ ಬೇಸತ್ತು ಎದ್ದುಹೋದರು. ಅವರು ಎದ್ದುಹೋದ ದಿನ ಪರಮೇಶ ಖುಷಿಯಿಂದ ಉಂಡ.

ಲೆಕ್ಕ ನನ್ನದು. ನಾನು ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮಾಡಿದವಳು. ಮದುವೆಯಾದ ಮೇಲೆ ನೌಕರಿ ಬೇಡವೆಂದರು. ನಿಮಿಷಕ್ಕೆ ಎಷ್ಟು ಪೆಟ್ರೋಲು, ಎತ್ತರ ಹೆಚ್ಚಿದರೆ ಎಷ್ಟು, ಭಾರ ಇಳಿದಂತೆ ಎಷ್ಟು, ಗಾಳಿ ಎದುರಾದರೆ ಎಷ್ಟು. ಅದನ್ನೆಲ್ಲ ಬರೆದುಕೊಟ್ಟವಳು ನಾನು. ಪರಮೇಶ ಕಂಪ್ಯೂಟರಿಗೆ ತುಂಬಿದ.

ಮುದುಕ ಇಷ್ಟು ಕಾಳಜಿ ಮಾಡಿದ್ದು ನಮ್ಮ ಆಟಕ್ಕಾಗಿ ಅಲ್ಲ. ಅವನಿಗೆ ಒಂದು ವಿಮಾನದ ಲೆಕ್ಕ ಬೇಕಾಗಿತ್ತು.

ಹಾನಗಲ್ಲಿನ ಕಡೆಯ ಮೈಲಾರಪ್ಪ ಎಂಬವನು ಅವನ ಜೊತೆ ಸೆರೆಯಲ್ಲಿದ್ದ. ಒಂದು ಮುಂಜಾನೆ ಕಾವಲಿನವನು ಮೈಲಾರಪ್ಪನನ್ನು ಗುದ್ದಲಿಯ ಕಾವಿನಿಂದ ಹೊಡೆದು ಕೊಂದ. ಹೆಣ ಅಲ್ಲೇ ಬಿದ್ದಿತ್ತು, ಹುಚ್ಚಪ್ಪನನ್ನು ಪಂಪಿಗೆ ಎಳೆದೊಯ್ದರು. ಜಪಾನಿ ಮಿಸ್ತ್ರಿ ನಳಿಗೆ ಹಿಡಿದುಕೊಂಡಿದ್ದ. ಸುತ್ತು ಎಣಿಸುವುದು ಹುಚ್ಚಪ್ಪನ ಕೆಲಸ. ಅವನು ಎಂದಿನಂತೆ ಕನ್ನಡದಲ್ಲಿ ಗಟ್ಟಿಯಾಗಿ ಎಣಿಸುತ್ತಿದ್ದ. ನಲವತ್ತಾದ ಮೇಲೆ ಅರವತ್ತೊಂದು ಎಂದ. ಮಿಸ್ತ್ರಿಗೆ ಗೊತ್ತಾಗಲಿಲ್ಲ. ಇಪ್ಪತ್ತು ಸುತ್ತು, ಸುತ್ತಿಗೊಂದು ಲೀಟರು.

ಅವತ್ತು ಒಂಬತ್ತು ವಿಮಾನ ಹೋದುವು. ಎಂಟು ಬಂದುವು. ಬಾರದೆ ಹೋದದ್ದು ಕುತ್ತಿಗೆಗೆ ಕುರುವಾಗಿ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬ ಹುಡುಗನದು. ಅವನು ಹುಚ್ಚಪ್ಪನನ್ನು ಹೊಡೆದವನಲ್ಲ, ಬೈದವನಲ್ಲ. ವಿಮಾನ ಏರುವ ಮೊದಲು ಪಂಪಿನವನಿಗೂ ತಲೆ ಬಾಗಿಸುತ್ತಿದ್ದ. ಮರಳಿ ಬಂದವರು ಅಂಗೈಯನ್ನು ವಿಮಾನದಂತೆ ಇಳಿಸಿ ತೋರಿಸಿದರು: ಗುಂಡು ತಾಗಿರಲಿಲ್ಲ, ದ್ವೀಪದ ಗುಡ್ಡ ಕಾಣುತ್ತಿತ್ತು, ಅಲ್ಲಿಯವರೆಗೆ ಬಂದು ನೀರಿಗಿಳಿದ.

ಇಪ್ಪತ್ತು ಸುತ್ತು ಹಾಕಿದ್ದರೆ ಬರುತ್ತಿದ್ದನೆ? ಮುದುಕ ಕೇಳಿದ್ದು ಇಷ್ಟೇ. ನಲವತ್ತಮೂರು ವರ್ಷಗಳಿಂದ ಅದೊಂದೇ ಪ್ರಶ್ನೆ. ಊರಲ್ಲಿ ಹೇಳಿದಾಗ, ವೈರಿಯನ್ನು ಕೊಂದೆ, ಶಾಭಾಶ್ ಎಂದಿದ್ದರಂತೆ. ಆಮೇಲೆ ಅವನು ಯಾರಿಗೂ ಹೇಳಿರಲಿಲ್ಲ.

ಸಾಯುವ ಮುಂಚಿನ ಭಾನುವಾರ ಪರಮೇಶ ಅವನನ್ನು ಕೂರಿಸಿ ತೋರಿಸಿದ. ಮೊದಲು ಇಪ್ಪತ್ತು ಕಡಿಮೆ ಹಾಕಿದ, ವಿಮಾನ ಬಿತ್ತು. ಆಮೇಲೆ ಪೂರ್ತಿ ತುಂಬಿದ; ಆಗಲೂ ಬಿತ್ತು. ನೋಡ್ರಿ ಅಜ್ಜ, ತುಂಬಿದ್ದರೂ ಬರ್ತಿರಲಿಲ್ಲ, ಎದುರುಗಾಳಿ ಇತ್ತು ಎಂದ. ನಾನು ಅಡುಗೆಮನೆಯಲ್ಲಿದ್ದೆ. ಮುದುಕ ಕೂಗಿದ್ದು ಕೇಳಿಸಿತು. ಉಳಿದ ಎಂಟಕ್ಕೆ ಗಾಳಿ ಇರಲಿಲ್ಲವೇನು ಎಂದು ಕೂಗಿದ. ಸುಳ್ಳ ಮಾಸ್ತರ, ನನ್ನ ಹಿಡಿಕಿ ತಂದು ಒಗಿ ಎಂದು ಹೇಳಿ ಹೋದ. ಎರಡು ದಿನದ ಮೇಲೆ ಪರಮೇಶ ಯಲವಿಗಿಗೆ ಹೋದ. ಹಿಡಿಕೆ ಒಯ್ಯಲಿಲ್ಲ. ಯಾಕೆ ಹೋದನೆಂದು ನನಗೂ ಹೇಳಲಿಲ್ಲ.

ಈಗ ಆ ಮುದುಕ ನಮ್ಮ ಕಟ್ಟೆಯ ಮುಂದೆ ನಿಂತಿದ್ದ.

"ನೀವು ಅಲ್ಲಿದ್ರಿ," ಎಂದೆ. "ಅವರು ಎಷ್ಟೊತ್ತು ಜೀವಂತ ಇದ್ರು?"

ಅವನು ನನ್ನ ಮುಖ ನೋಡಿದ, ಆಮೇಲೆ ಖಾಲಿ ಕೈಗಳನ್ನು ನೋಡಿದ. ಬಳೆ ಒಡೆದ ಗೀರು ಇನ್ನೂ ಇತ್ತು.

"ನಿನ್ನ ಗಂಡ ನನಗ ಸುಳ್ಳ ತೋರಿಸಿದ. ನಾ ನಿನಗ ಖರೇ ಯಾಕ ಹೇಳ್ಲಿ?"

ಭಾವ ಅಂಗಿ ಹಾಕಿಕೊಳ್ಳುತ್ತ ಬಂದು ಅವನ ರಟ್ಟೆ ಹಿಡಿದು ಅಂಗಳದ ಆಚೆ ನೂಕಿದರು. ಮುದುಕ ಗೋಡೆ ಹಿಡಿದು ನಿಂತ. ನಾನು ಅವನಿಗೆ, ಹತ್ತಕ್ಕೆ ಕರೆಂಟು ಬರುತ್ತದೆ, ಹತ್ತಕ್ಕೆ ಬನ್ನಿ ಎಂದೆ. ಭಾವ ನನ್ನ ಕಡೆ ತಿರುಗಿದರು. ಟಿ.ವಿ.ಯನ್ನು ಭಾನುವಾರ ಒಯ್ಯುವವನಿದ್ದೇನೆ, ಹಲಗೆಗಳನ್ನು ಒಡೆದು ಒಲೆಗೆ ಹಾಕಿ, ತಮ್ಮನನ್ನು ಕೊಂದ ಪೀಡೆ ಮನೆಯಲ್ಲಿ ಬೇಡ ಎಂದರು. ಭಾನುವಾರಕ್ಕೆ ಇನ್ನೂ ಎರಡು ದಿನ ಇದೆಯಲ್ಲ ಎಂದೆ.

ಹತ್ತಕ್ಕೆ ಮೊದಲೇ ಕೋಣೆಯ ಬೀಗ ತೆಗೆದೆ. ಬಸ್ಸಿನ ಸೀಟಿನಲ್ಲಿ ಪರಮೇಶನ ಬೆನ್ನಿನ ತಗ್ಗು ಇತ್ತು. ನಮ್ಮವರು ಹೆಣವನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಸತ್ತವನ ಪಾದದಿಂದಲೇ ಅಳೆದು ಕುಣಿ ತೋಡುತ್ತಾರೆ. ಅವತ್ತು ಅಳತೆಗೆ ದಾರ ಹಿಡಿದಾಗ, ಈ ಪಾದದ ಅಳತೆ ಈಗಾಗಲೇ ಪೆಡಲಿನ ಹಲಗೆಯ ಮೇಲೆ ಪೆನ್ಸಿಲಿನಲ್ಲಿದೆ ಎಂದು ಹೇಳಬೇಕೆನಿಸಿತ್ತು. ಹೇಳಿರಲಿಲ್ಲ.

ಕರೆಂಟು ಬಂತು. ಕ್ಯಾಸೆಟ್ಟು ಕಿರುಚಿ ಕಿರುಚಿ ಪ್ರೋಗ್ರಾಮು ಏರಿತು. ನಾನು ಸಾಲು ಸಾಲಾಗಿ ಓದಿದೆ. ಪೆಟ್ರೋಲಿನ ಸಾಲುಗಳು ನಾನು ಬರೆದುಕೊಟ್ಟ ಹಾಗೇ ಇದ್ದುವು. ಗಾಳಿಯ ಸಾಲು ಹಾಗಿರಲಿಲ್ಲ. ನಾನು ಒಂದೇ ಸಾಲು ಬರೆದಿದ್ದೆ, ಅವನು ಎರಡು ಮಾಡಿದ್ದ. ಹೋಗುವಾಗ ಗಾಳಿ ಸೊನ್ನೆ. ಬರುವಾಗ ಎದುರುಗಾಳಿ ಇಪ್ಪತ್ತು.

ಬರುವಾಗ ಎದುರಿಗೆ ಬೀಸುವ ಗಾಳಿ ಹೋಗುವಾಗ ಬೆನ್ನಿಗೆ ಬೀಸಬೇಕಿತ್ತು. ಅಷ್ಟನ್ನೂ ಮಾಡಿರಲಿಲ್ಲ. ಮುದುಕನಿಗೆ ಸಮಾಧಾನ ಮಾಡುವ ಅವಸರದಲ್ಲಿ ಪರಮೇಶ ಲೆಕ್ಕ ಕೆಡಿಸಿದ್ದ, ಅದೂ ನನ್ನ ಲೆಕ್ಕ. ಸತ್ತ ಮೇಲೆ ಮೊದಲ ಸಲ ಅವನ ಮೇಲೆ ಸಿಟ್ಟು ಬಂತು. ನಾಲ್ಕು ದಿನದಲ್ಲಿ ಬೇರೇನೂ ಬಂದಿರಲಿಲ್ಲ.

ಇಪ್ಪತ್ತನ್ನು ಅಳಿಸಿ ಸೊನ್ನೆ ಬರೆದೆ.

ಮುದುಕ ಬಂದು ಸೀಟಿನಲ್ಲಿ ಕೂತ. ಅತ್ತೆ ಬಾಗಿಲಲ್ಲಿ ನಿಂತರು, ಅವರ ಹಿಂದೆ ಭಾವ. ನಾನು ಯಾರಿಗೂ ಕೂರಿ ಎನ್ನಲಿಲ್ಲ. ಗಾಳಿ ತೆಗೆದಿದ್ದೇನೆ ಎಂದು ಮುದುಕನಿಗೆ ಹೇಳಿದೆ. ಮೊದಲು ಇಪ್ಪತ್ತು ಕಡಿಮೆ ಹಾಕಿದೆ.

ಪರದೆಯ ಮೇಲೆ ಒಂದು ಗೀಟು, ಅದರ ಕೆಳಗೆಲ್ಲ ಸಮುದ್ರ. ಬೇರೇನೂ ಇಲ್ಲ. ದಾರಿಯ ಒಂದೊಂದು ತಾಸನ್ನು ಪರಮೇಶ ಐದು ನಿಮಿಷಕ್ಕೆ ಇಳಿಸಿದ್ದ. ಕೊನೆಯ ಕಾಲು ತಾಸು ಮಾತ್ರ ಕಾಲು ತಾಸೇ. ಮುದುಕ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು ಮೂಗಿನ ನೇರಕ್ಕೆ ಇಟ್ಟುಕೊಂಡಿದ್ದ. ಕಾದಾಟದಲ್ಲಿ ಅವನು ಗುಂಡು ಹಾರಿಸಲಿಲ್ಲ. ಸುತ್ತಿ ಸುತ್ತಿ ಹೊತ್ತು ಕಳೆದು ತಿರುಗಿದ. ಕಡೆಗೆ ಗೀಟಿನ ಮೇಲೆ ಒಂದು ಬಿಳಿ ಚುಕ್ಕೆ ಕಾಣಿಸಿತು.

"ಗುಡ್ಡ," ಎಂದ.

ಪೆಟ್ರೋಲಿನ ಅಂಕಿ ಸೊನ್ನೆಗೆ ಬಂತು. ದ್ವೀಪ ಇನ್ನೂ ಐದು ನಿಮಿಷದ ದಾರಿ. ಗೀಟು ಮೇಲೇರಿ, ಪರದೆಯೆಲ್ಲ ನೀರಾಯಿತು.

ಅವನು ಹಿಡಿಕೆ ಬಿಡಲಿಲ್ಲ. ಇನ್ನೊಂದು ಹಾಕು ಎಂದ. ನಾನು ಪೂರ್ತಿ ಪೆಟ್ರೋಲು ಹಾಕಿದೆ.

ಮತ್ತೆ ಅದೇ ನೀರು. ಅತ್ತೆ ಹೊಸ್ತಿಲ ಮೇಲೆ ಕೂತರು. ಭಾವ ಎರಡು ಸಲ ಗಡಿಯಾರ ನೋಡಿದರು. ಚುಕ್ಕೆ ಕಾಣಿಸಿತು. ದೊಡ್ಡದಾಯಿತು. ಅದು ಮೈದಾನದ ಎರಡು ಗೆರೆಯಾದಾಗ ಪೆಟ್ರೋಲು ಒಂಬತ್ತು ನಿಮಿಷದ್ದು ಉಳಿದಿತ್ತು. ಮುದುಕ ಹಿಡಿಕೆಯನ್ನು ಮುಂದಕ್ಕೆ ನೂಕಿದ, ವಿಮಾನ ಇಳಿಯಿತು. ಚೆನ್ನಾಗಿಯೇ ಇಳಿಸಿದ.

ಏನಾದರೂ ಹೇಳಬಹುದಿತ್ತು. ಇದು ಆಟ; ಸಮುದ್ರದ ಮೇಲೆ ಅವತ್ತಿನ ಗಾಳಿ ಹೇಗಿತ್ತೋ ಬಲ್ಲವರಿಲ್ಲ; ಆ ಹುಡುಗ ದಾರಿ ತಪ್ಪಿ ಸುತ್ತಿರಬಹುದು; ಹೀಗೆ ಹೇಳಲು ಬರುತ್ತಿತ್ತು. ಹೇಳಲು ಮನಸ್ಸಿರಲಿಲ್ಲ.

"ಬರ್ತಿದ್ದ," ಎಂದೆ.

"ಹೂಂ," ಎಂದ ಮುದುಕ. "ಈಗ ಖರೇ ಐತಿ."

ಭಾವನಿಗೆ ತಡೆಯಲಾಗಲಿಲ್ಲ. "ವೈರಿ ಅಲ್ಲೇನೋ ಮುದಕಾ ಅಂವ? ಸತ್ತದ್ದು ಚೊಲೋ ಆತು ಅನ್ನು."

ಮುದುಕ ಹಲಗೆ ಹಿಡಿದು ಎದ್ದ. ಕಾಲು ಜೋಮು ಹಿಡಿದಿತ್ತು.

"ಲಾರಿಯವನ ಮನ್ಯಾಗೂ ಏನರೆ ಹಿಂತಾದ್ದ ಅಂದಿರ್ತಾರ ಬಿಡ್ರಿ, ಸಾವಕಾರ್ರ," ಎಂದ.

ಭಾವ ಮುಂದೆ ಬಂದರು. ಅತ್ತೆ ಅವರ ಧೋತರದ ಚುಂಗು ಹಿಡಿದುಕೊಂಡರು. ಮುದುಕ ಇಬ್ಬರ ನಡುವೆ ದಾಟಿ ಹೋದ. ನನಗೆ ಹೇಳಬೇಕಾದ್ದನ್ನು ಹೇಳಲಿಲ್ಲ. ಹಿಡಿಕೆಯನ್ನೂ ಒಯ್ಯಲಿಲ್ಲ.

ಭಾನುವಾರ ಭಾವ ಟಿ.ವಿ. ಒಯ್ದರು. ಹಲಗೆಗಳನ್ನು ತಾವೇ ಕಿತ್ತು ಹಿತ್ತಿಲಲ್ಲಿ ಒಟ್ಟಿ ಹೋದರು. ಅದಕ್ಕೂ ಮುಂಚೆ ನಾನು ಎರಡು ಸ್ಕ್ರೂ ಬಿಚ್ಚಿ ಹಿಡಿಕೆಯನ್ನು ತೆಗೆದಿಟ್ಟಿದ್ದೆ. ಸೋಮವಾರ ಅದನ್ನು ಪರಮೇಶನ ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಹೊರಟೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಹನ್ನೊಂದು ದಿನ ತುಂಬುವ ಮೊದಲು ಹೊಸ್ತಿಲು ದಾಟಿದರೆ ಊರು ಏನಂದೀತು ಎಂದರು. ಆ ಮುದುಕನ ಮನೆಗೆ ಹೋದವಳು ಮತ್ತೆ ಈ ಮನೆಗೆ ಬರಬೇಡ ಎಂದೂ ಅಂದರು. ಅವರ ಕೈಯನ್ನು ಬಾಗಿಲಿನಿಂದ ತೆಗೆದು ನಡೆದೆ.

ಬಸ್ಸು ಆ ಜಾಗ ದಾಟಿತು. ಯಾವುದೆಂದು ನನಗೆ ಗೊತ್ತಿರಲಿಲ್ಲ. ಕಂಡಕ್ಟರನು ಚಾಲಕನಿಗೆ ತೋರಿಸಿದ್ದರಿಂದ ಗೊತ್ತಾಯಿತು. ಒಂದು ಜಾಲಿಗಿಡ ಇತ್ತು.

ಹುಚ್ಚಪ್ಪನ ಮನೆ ಯಲವಿಗಿ ಸ್ಟೇಶನ್ನಿನ ಹಿಂದೆ. ಅವನು ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ನಾನು ಬಂದದ್ದು ಕಂಡರೂ ಎಳೆ ಮುಗಿಯುವವರೆಗೆ ತಲೆ ಎತ್ತಲಿಲ್ಲ. ನಾನು ನಿಂತೇ ಇದ್ದೆ. ಟವೆಲು ಬಿಚ್ಚಲಿಲ್ಲ.

"ನಾ ನಿಮಗ ಖರೇ ತೋರಿಸೇನಿ," ಎಂದೆ.

ಅವನು ಹಗ್ಗ ಕೆಳಗಿಟ್ಟ.

"ಅರ್ಧಾ ತಾಸು ಇದ್ದ," ಎಂದ. "ಒದ್ದಾಡಿದ. ಒದ್ದಾಡಲಿಲ್ಲ ಅಂತ ನಾ ಹೇಳೂದಿಲ್ಲ. ಲಾರಿ ನಿಲ್ಲಲಿಲ್ಲ, ಬ್ಯಾರೆ ಗಾಡಿ ಒಂದೂ ಬರಲಿಲ್ಲ. ನೀರು ಬೇಡಿದ. ಹೊಲದಾಗ ಕೆಲಸಕ್ಕ ಬಂದಾಕಿ ಕಡಿಂದ ತಂಬಿಗಿ ಇಸಗೊಂಡು ಹಾಕಿದೆ. ಗುಟುಕು ಇಳೀಲಿಲ್ಲ. ಎದಿ ಮ್ಯಾಲೆ ಚೆಲ್ಲಿತು."

"ನಿಮ್ಮ ಕಡೆ ಯಾಕ ಬಂದಿದ್ರು?"

"ಗಾಳಿ ಸುಳ್ಳು ಅಂತ ಒಪ್ಪಿಗೊಳ್ಳಾಕ. ಒಳಗ ಬರಾಕ ಬಿಡ್ಲಿಲ್ಲ ನಾ. ಹಿಡಿಕಿ ತರದ ಬರೇ ಕೈಲೆ ಬಂದೀ ಅಂತ ಬೈದು ಕಳಿಸಿದೆ. ಹಂಗ ಬೈಕೋತ ಅವನ ಹಿಂದ ಊರ ಹೊರಗಿನ ಮಟ ಹ್ವಾದೆ. ಅಂವ ಸೈಕಲ್ ನೂಕ್ಕೋತ ತಿರಿಗಿ ತಿರಿಗಿ ನನ್ನ ನೋಡಾಕತ್ತಿದ್ದ. ಲಾರಿ ನೋಡಲಿಲ್ಲ."

ಸ್ಟೇಶನ್ನಿನಲ್ಲಿ ಹುಬ್ಬಳ್ಳಿ ಕಡೆಯ ಗಾಡಿ ನಿಂತು ಹೊರಟಿತು.

"ನನ್ನ ಹೆಸರು ಹೇಳಿದ್ರೇನು?" ಎಂದು ಕೇಳಿದೆ.

"ಇಲ್ಲ," ಎಂದ. "ಯಾರ ಹೆಸರೂ ಹೇಳಲಿಲ್ಲ. ಅವ್ವನ್ನೂ ಕರೀಲಿಲ್ಲ. ನೀರು ಅಂದ, ಅಷ್ಟ."

ನಾಲ್ಕು ವರ್ಷ ಪರಮೇಶನೊಡನೆ ಬಾಳಿದ್ದೆ. ಇಲ್ಲ ಎಂದು ಹೇಳಲು ಇವನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ.

ಮುದುಕ ನನ್ನ ಬಾಯನ್ನೇ ನೋಡುತ್ತಿದ್ದ. ನಿಮ್ಮದೇನು ತಪ್ಪು ಅಜ್ಜ, ಲಾರಿಯವನದು ಎಂಬ ಮಾತಿಗೆ ಕಾದಿದ್ದನೋ ಏನೋ. ನಾನು ಅನ್ನಲಿಲ್ಲ. ಟವೆಲು ಬಿಚ್ಚಿದೆ. ಬಿಸಿಲಲ್ಲಿ ಬಂದದ್ದರಿಂದ ಕಬ್ಬಿಣ ಕಾದಿತ್ತು.

"ನೀನ ಇಟಗೋ," ಎಂದ. "ನನಗಿನ್ನ ಅದು ಬ್ಯಾಡ."

"ಇದು ನಮ್ಮದಲ್ಲರಿ. ಅವರು ಕಡಾ ತಂದಿದ್ರು."

ಅವನು ಕೈ ಚಾಚಲಿಲ್ಲ. ನಾನು ಹಿಡಿಕೆಯನ್ನು ಅವನ ತೊಡೆಯ ಮೇಲೆ, ಹಗ್ಗದ ಪಕ್ಕ ಇಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಅವನ ಬಲಗೈ ತಾನಾಗಿಯೇ ಅದನ್ನು ಮುಷ್ಟಿ ಮಾಡಿ ಹಿಡಿಯಿತು. ಟವೆಲನ್ನು ಮಡಚಿ ವಾಪಸು ತೆಗೆದುಕೊಂಡೆ. ಅದು ನಮ್ಮದು.